ಇಪ್ಪತ್ತು ಮನೆಗಳ ಹಿಂಡು

ಇಪ್ಪತ್ತು ಮೀನುಗಳ ಒಂದೇ ಹಿಂಡು ಇಪ್ಪತ್ತು ಮನೆಗಳಲ್ಲಿ ಹಂಚಿಹೋಗಿತ್ತು. ಮನೆಗೊಂದೇ ಮೀನು. ಆದರೂ ಅದು ಹಿಂಡೇ. ಅದು ಹೇಗೆ ಅಂತ ಕೇಳಿದವರಿಗೆಲ್ಲ ಅಕ್ಷತಾ ಕುಬಸದ ಇಷ್ಟು ವರ್ಷ ಹೇಳಿ ಹೇಳಿ ಆ ಮಾತು ಆಕೆಯ ಬಾಯಲ್ಲಿ ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿತ್ತು.

"ಗೆರೆಮೀನು ಬಾಳ ಸಾಧು ರೀ. ಯಾರ ಜೋಡೀನೂ ಜಗಳಿಲ್ಲ, ಯಾರ ಬಾಲಾನೂ ಕಚ್ಚೂದಿಲ್ಲ. ಆದ್ರ ಒಂದ ಇಟ್ರ ಉಣ್ಣೂದಿಲ್ಲ. ಮೂಲ್ಯಾಗ ನಿಂತು, ಬಣ್ಣ ಕಳಕೊಂಡು, ಹದಿನೈದು ದಿನದಾಗ ಹೋಗಿಬಿಡತೈತಿ. ಹೋಗ್ಲಿ ಅಂತ ಎರಡನ್ನ ಕೂಡಿ ಇಟ್ರ ಬೂಸು ಹಿಡದು ನಾಕ ದಿನದಾಗ ಎರಡೂ ಹೋಗತಾವು. ಈಗ ನೀವ ಹೇಳ್ರಿ, ಏನ್ ಮಾಡೂಣು?"

ಕೇಳಿದವರು ತಲೆ ಕೆರೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಊರೂರಿನ ವಿಜ್ಞಾನಿಗಳೂ ಹಾಗೇ ಕೆರೆದುಕೊಂಡಿದ್ದರು. ಘಟ್ಟದ ಹಳ್ಳಗಳಲ್ಲಿ ಬಿಳಿ ಬೂಸು, ಅಂದರೆ ಮೀನಿನ ಮೈಗೆ ಹತ್ತುವ ಬೂಷ್ಟುರೋಗ, ಕಾಣಿಸಿಕೊಂಡಿದ್ದು ಆಗಲೇ. ಒಂದು ಗೆರೆಮೀನಿನಿಂದ ಇನ್ನೊಂದಕ್ಕೆ ನೀರಿನಲ್ಲಿ, ಒದ್ದೆ ಗಾಳಿಯಲ್ಲಿ, ಬಲೆ ಹಿಡಿದವರ ಕೈಯಲ್ಲಿ ಹಬ್ಬುತ್ತಿತ್ತು. ಬೆಳ್ಳಿ ಮೈಗೆ ಕೆಂಪು ಗೆರೆ ಎಳೆದ ಬೆರಳುದ್ದದ ಆ ಮೀನುಗಳು ಎರಡೇ ಮಳೆಗಾಲದಲ್ಲಿ ಮಾಯವಾದವು. ಉಳಿದ ಕೆಲವನ್ನು ಒಣಹವೆಯ ಊರು ಅಂತ ಗದಗ-ಬೆಟಗೇರಿಗೆ ತಂದು, ಬೇರೆ ಬೇರೆ ಮನೆಗಳಲ್ಲಿ ಇಟ್ಟರು. ಅವುಗಳ ಒಂಟಿತನಕ್ಕೆ ಮದ್ದಾಗಿ ಬಂದದ್ದು ಜೊತೆಗನ್ನಡಿ.

ಜೊತೆಗನ್ನಡಿ ಅಂದರೆ ತೊಟ್ಟಿಯ ಗಾಜೇ. ಅದರ ಬೆನ್ನಿಗೆ ತೆಳ್ಳನೆಯ ಪರದೆ, ಅಂಚಿಗೆ ಅಕ್ಕಿಕಾಳಿನಷ್ಟು ಕ್ಯಾಮೆರಾ, ಒಳಮೈಗೆ ನಡುಗುವ ಸಣ್ಣ ಬಿಲ್ಲೆಗಳು. ಮೀನು ಜೊತೆಗಾರರನ್ನು ಕಣ್ಣಿನಿಂದ ಅರ್ಧ ತಿಳಿಯುತ್ತದೆ. ಇನ್ನರ್ಧವನ್ನು ಪಕ್ಕೆಯ ಉದ್ದಕ್ಕೂ ಇರುವ ನರದಿಂದ. ಪಕ್ಕದ ಮೀನು ಬಾಲ ಬೀಸಿದರೆ ನೀರು ತಳ್ಳಿ ಬಂದು ಆ ನರಕ್ಕೆ ತಾಗಬೇಕು. ಒಂದು ಮನೆಯ ಮೀನು ಬಾಲ ಬೀಸಿದರೆ ಉಳಿದ ಹತ್ತೊಂಬತ್ತು ಮನೆಗಳ ಬಿಲ್ಲೆಗಳು ಅಷ್ಟೇ ಹದವಾಗಿ ನೀರನ್ನು ತಳ್ಳುತ್ತಿದ್ದವು. ಮೀನಿಗೆ ಮೋಸ ಅಂತ ಕೆಲವರು ಆಡಿಕೊಂಡರು. ಮೀನುಗಳು ಮಾತ್ರ ಉಂಡವು, ಬಣ್ಣ ತುಂಬಿಕೊಂಡವು, ಹಿಂಡು ಕಟ್ಟಿದವು.

ನಿಯಮ ಒಂದೇ ಇತ್ತು. ಒಂದು ಮೀನಿನ ಮನೆಯವರು ಇನ್ನೊಂದು ಮೀನಿನ ಮನೆಗೆ ಕಾಲಿಡಬಾರದು. ಅದಕ್ಕಾಗಿ ಯಾವ ಮೀನು ಯಾರ ಮನೆಯಲ್ಲಿದೆ ಅನ್ನುವುದನ್ನೇ ಗುಟ್ಟಾಗಿಟ್ಟಿದ್ದರು. ಇಪ್ಪತ್ತೂ ಮೀನುಗಳ ಮೇಲೆ ಕಣ್ಣಿಡುವ ಕೇಂದ್ರದಲ್ಲಿ ಅಕ್ಷತಾ ಪರದೆ ಕಾಯುವ ಕೆಲಸದವಳು. ಏಳನೆಯ ಮೀನನ್ನು ಸಾಕಿದವಳೂ ಹೌದು. ಆಕೆಗೂ ಮಿಕ್ಕ ಮನೆಗಳು ಬರೀ ನಂಬರು. ವಿಳಾಸದ ಪಟ್ಟಿ ಕೇಂದ್ರದ ಮುಖ್ಯಸ್ಥೆ ನಝೀರಾ ಮೇಡಂ ಅವರ ಕಪಾಟಿನಲ್ಲಿತ್ತು, ಕೀಲಿ ಅವರ ಕೊರಳಲ್ಲಿ.

ಮನೆಯಲ್ಲಿ ಅಕ್ಷತಾ, ಅವ್ವ, ಏಳನೆಯ ಮೀನು, ಇಷ್ಟೇ ಸಂಸಾರ. ತೊಟ್ಟಿ ಇಟ್ಟಿದ್ದು ನಡುಮನೆಯಲ್ಲಿ, ಹಿಂದೆ ಅಪ್ಪನ ಕುಣಿಮಗ್ಗ ಇದ್ದ ಜಾಗದಲ್ಲಿ. ನೇಕಾರ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅಪ್ಪ ತೀರಿಕೊಂಡ ಮೇಲೆ ಅದನ್ನು ಬಿಚ್ಚಿ ಕೊಟ್ಟು, ಕುಣಿಗೆ ಮಣ್ಣು ತುಂಬಿ, ಫರಸಿ ಕಲ್ಲು ಹಾಸಿದ್ದರು. ಆಗ ಅಕ್ಷತಾಗೆ ಹದಿನಾರು. ಎರಡು ವರ್ಷ ಅಪ್ಪನ ಪಕ್ಕ ಕೂತು ನೇಯ್ದಿದ್ದಳು. ಮಗ್ಗ ಹೋದ ವಾರದಲ್ಲಿ ಮನೆ ಎಷ್ಟು ಸುಮ್ಮನಾಯಿತೆಂದರೆ, ಅವ್ವ ಊಟದ ತಟ್ಟೆಗಳನ್ನು ಬೇಕಂತಲೇ ಸಪ್ಪಳ ಮಾಡಿ ಇಡುತ್ತಿದ್ದಳು.

ಈಗ ಅವ್ವನಿಗೆ ಕಿವಿ ಪೂರ್ತಿ ಹೋಗಿತ್ತು. ತನಗೆ ಕೇಳಿಸದಿದ್ದರೂ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ತೊಟ್ಟಿಯ ಗಾಜು ಒರೆಸುತ್ತಿದ್ದವಳು ಅಂಗೈಯನ್ನು ಗಾಜಿಗೆ ಒತ್ತಿ ಹಾಗೇ ನಿಂತುಬಿಟ್ಟಳು.

"ಅಕ್ಷತಾ, ಬಾ ಇಲ್ಲೆ. ಇದರಾಗ ಯಾರೋ ನೇಯಾಕತ್ತಾರ."

"ಮೀನು ಬೇ ಅದು," ಅಂತ ಅಕ್ಷತಾ ಕೈಸನ್ನೆ ಮಾಡಿದಳು.

"ಮೀನಂತ ನನಗೂ ಗೊತ್ತೈತಿ. ಕೈ ಇಡು ನೀ."

ಅಕ್ಷತಾ ಕೈಯಿಟ್ಟಳು. ಗಾಜಿನೊಳಗಿಂದ ಬಲು ಸಣ್ಣದಾಗಿ ಬರುತ್ತಿತ್ತು: ಒಂದು ಒತ್ತು, ಸ್ವಲ್ಪ ತಡೆದು ಇನ್ನೊಂದು ಒತ್ತು. ಪರದೆಯಲ್ಲಿ ಹನ್ನೆರಡನೆಯ ಮೀನು ಪ್ರತಿ ಒತ್ತಿಗೂ ಅರ್ಧ ಅಂಗುಲ ಹಿಂದೆ ಸರಿದು ಮುಂದೆ ಜಿಗಿಯುತ್ತಿತ್ತು. ಅದರ ಹಿಂದೆ ಉಳಿದವೂ ಹಾಗೇ. ಏಳನೆಯದೂ ಹಾಗೇ. ಕೇಂದ್ರದವರು ಇದನ್ನು ಹನ್ನೆರಡರ ಹೆಜ್ಜೆ ಅನ್ನುತ್ತಿದ್ದರು. ಆ ಮೀನಿಗೆ ಹುಟ್ಟಿನಿಂದ ಬಂದ ಚಟ ಅಂತ ನಝೀರಾ ಮೇಡಂ ತಿಳಿದಿದ್ದರು.

ಹಾಗಲ್ಲ ಅಂತ ಅಕ್ಷತಾಗೆ ಆ ಕ್ಷಣ ಗೊತ್ತಾಯಿತು. ಹನ್ನೆರಡನೆಯ ಮನೆಯಲ್ಲಿ ತೊಟ್ಟಿಯ ಪಕ್ಕ ಮಗ್ಗವಿದೆ. ನೂಲನ್ನು ಒತ್ತಿ ಕೂರಿಸುವ ಫಣಿ ಬಡಿದಾಗಲೆಲ್ಲ ನೆಲ ನಡುಗುತ್ತದೆ, ನೆಲದಿಂದ ನೀರು, ನೀರಿನಿಂದ ಮೀನು, ಮೀನಿನಿಂದ ಇಪ್ಪತ್ತು ಮನೆ.

"ಹೆಣಮಗಳ ಕೈ," ಅಂದಳು ಅವ್ವ, ಕಣ್ಣು ಮುಚ್ಚಿ. "ಎಡಗಾಲು ಮೊದಲು ತುಳೀತಾಳ. ನಿಮ್ಮಪ್ಪನಷ್ಟು ಜೋರಿಲ್ಲ. ಆದ್ರ ಛಲೋ ಕೈ."

ಇದನ್ನು ಅಕ್ಷತಾ ಕೇಂದ್ರದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಂದ ತೊಟ್ಟಿ ತೆಗೆದು ಸದ್ದಿಲ್ಲದ ಕೋಣೆಗೆ ಇಡಿಸುತ್ತಿದ್ದರು. ದಿನಾ ಕೆಲಸ ಮುಗಿಸಿ ಬಂದು ಚಹಾ ಇಟ್ಟು, ಅದು ಕುದಿಯುವ ತನಕ ಗಾಜಿಗೆ ಅಂಗೈಯಿಟ್ಟು ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿದರೆ ಕಾಲಕೆಳಗಿನ ಫರಸಿ ಮಾಯವಾಗಿ ಕುಣಿ ಬಾಯಿ ತೆರೆಯುತ್ತಿತ್ತು. ಕುಣಿಯ ತಂಪು, ಗಂಜಿ ಹಚ್ಚಿದ ನೂಲಿನ ಹುಳಿವಾಸನೆ, ಲಾಳಿ ಹಿಂದೆಮುಂದೆ ಓಡುವ ಸದ್ದು. ಆ ಹೆಂಗಸು ಯಾರೋ, ಹೇಗಿದ್ದಾಳೋ. ಮಧ್ಯಾಹ್ನ ಊಟಕ್ಕೆ ಏಳುತ್ತಾಳೆ, ಎರಡಕ್ಕೆ ಮತ್ತೆ ಕೂರುತ್ತಾಳೆ. ನೂಲು ಹರಿದರೆ ನಿಲ್ಲಿಸಿ, ಗಂಟು ಹಾಕಿ, ಮೊದಲ ಎರಡು ಒತ್ತು ಮೆಲ್ಲಗೆ ಹಾಕುತ್ತಾಳೆ. ಒಮ್ಮೆ ಆ ಮನೆಯ ಹೊಸ್ತಿಲಿಗಾದರೂ ಹೋಗಿ ನಿಲ್ಲಬೇಕು ಅಂತ ಅಕ್ಷತಾಗೆ ಎಷ್ಟು ಸಲ ಅನ್ನಿಸಿತೋ.

ಬೂಸಿನ ಮದ್ದು ಫಲಿಸಿದ ಸುದ್ದಿ ಬಂದದ್ದು ಈ ಚಳಿಗಾಲದಲ್ಲಿ. ಎರಡು ವರ್ಷ ಆಹಾರದಲ್ಲಿ ಮದ್ದು ಬೆರೆಸಿ ಕೊಟ್ಟಿದ್ದರು. ಎಲ್ಲ ಮನೆಗಳಿಂದ ನೀರು ತರಿಸಿ ನೋಡಿದ್ದರಲ್ಲಿ ಬೂಸಿನ ಸುಳಿವೇ ಇರಲಿಲ್ಲ. ಮೀನುಗಳನ್ನು ಘಟ್ಟದ ಒಂದು ಹಳ್ಳಕ್ಕೆ ಬಿಡುವುದಕ್ಕೆ ದಿನ ಗೊತ್ತಾಯಿತು.

"ಇನ್ನ ಇಪ್ಪತ್ತೆರಡು ದಿನ," ಅಂದರು ನಝೀರಾ ಮೇಡಂ, ಪರದೆಯ ಮೇಲಿನ ಇಪ್ಪತ್ತು ಚುಕ್ಕಿಗಳನ್ನು ನೋಡುತ್ತ. ಅವರಿಗೆ ಐವತ್ತೆಂಟು. ಅರ್ಧ ಆಯುಸ್ಸನ್ನು ಈ ಮೀನಿಗೆ ಕೊಟ್ಟವರು. "ಹಿಂಡು ಒಡೀದಂಗ ನೀರಿಗಿಳೀಬೇಕು ಅಕ್ಷತಾ. ಒಂದೊಂದ ಒಂದೊಂದ ದಿಕ್ಕಿಗೆ ಹೋದ್ರ ಒಂದ ದಿನದಾಗ ಹಾವು, ಹಕ್ಕಿ ತಿಂದು ಮುಗಸ್ತಾವು."

"ಹನ್ನೆರಡು ಐತಲ್ಲ ಮೇಡಂ, ದಾರಿ ತೋರಸ್ತೈತಿ," ಅಂದ ಪಕ್ಕದ ಕುರ್ಚಿಯ ಭರಮು. "ನಮ್ಮನ್ಯಾಗ ನಮ್ಮಾಕಿ ಹೆಂಗೋ, ಆ ಮೀನು ಹಂಗ. ಆಕಿ ಎದ್ರ ಎಲ್ಲಾರೂ ಏಳಬೇಕು."

ಮೇಡಂ ನಗಲಿಲ್ಲ. "ಅದೊಂದರ ಮ್ಯಾಲ ನಿಂತೈತಿ ಎಲ್ಲಾ."

ನಿಂತಿದ್ದು ನಿಜವೇ. ಮೂರು ವರ್ಷದ ಹಿಂದೆ ಹನ್ನೆರಡರ ತಂತಿ ನಲವತ್ತು ನಿಮಿಷ ಕಡಿದುಹೋಗಿತ್ತು. ಆಗ ಹಿಂಡು ದಿಕ್ಕೆಟ್ಟು, ಎರಡು ಮನೆಗಳಲ್ಲಿ ಮೀನು ತೊಟ್ಟಿಯಿಂದಲೇ ಹಾರಿ ನೆಲಕ್ಕೆ ಬಿದ್ದಿದ್ದವು. ಪುಣ್ಯಕ್ಕೆ ಬದುಕಿದವು. ಆಮೇಲೆ ಪ್ರತಿ ಜೊತೆಗನ್ನಡಿಗೂ ಒಂಬತ್ತು ದಿನದ ನೆನಪು ಕೂಡಿಸಿದರು. ಕ್ಯಾಮೆರಾದ ತಂತಿ ಕಡಿದರೂ ಗಾಜು ತನ್ನ ಮೀನಿನ ಹಿಂದಿನ ಒಂಬತ್ತು ದಿನದ ಓಡಾಟವನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ತಂತಿ ಕೂಡಿ, ತೊಟ್ಟಿಯಲ್ಲಿ ಜೀವಂತ ಮೀನು ಕಂಡ ಕೂಡಲೇ ಹಳೆಯ ನೆನಪು ಅಳಿಸಿ ಹೊಸದು ಶುರು. ಕರೆಂಟು ಹೋಗಿಬಂದು ಮಾಡುವ ಊರಿಗೆ ಒಪ್ಪುವ ಉಪಾಯ. ಕೇಂದ್ರಕ್ಕೆ ಬರುತ್ತಿದ್ದುದು ಚುಕ್ಕಿ ಮಾತ್ರ, ಅದು ಮೀನಿನದೋ ನೆನಪಿನದೋ ಅಂತ ಅಲ್ಲಿ ತಿಳಿಯುತ್ತಿರಲಿಲ್ಲ. ನಡುಕವೆಲ್ಲ ಗಾಜಿನಿಂದ ಗಾಜಿಗೆ ನೇರ ಹೋಗುತ್ತಿತ್ತು.

ಮೀನು ಹೋದ ಮೇಲೆ ಗಾಜು ಆರಿಹೋಗುತ್ತದೆ, ಮಗ್ಗವೂ. ಅಕ್ಷತಾ ಇದನ್ನು ಅವ್ವನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ನಾಲ್ಕು ದಿನ ಕಳೆದಳು. ಅಷ್ಟರಲ್ಲಿ ಅಮಾವಾಸ್ಯೆ ಬಂತು.

ಅಮಾವಾಸ್ಯೆಗೆ ಅವ್ವ ಬೆಳಿಗ್ಗೆಯೇ ಬನಶಂಕರಿ ಗುಡಿಗೆ ಹೋಗಿ, ಕೇಳಿಸದಿದ್ದರೂ ಭಜನೆಯಲ್ಲಿ ಕೂತು, ಸಂಜೆಗೆ ಬರುವವಳು. ಈ ಸಲ ಮೊಣಕಾಲು ಬಾತುಕೊಂಡು ಮನೆಯಲ್ಲೇ ಉಳಿದಳು. ಅಕ್ಷತಾ ಮಧ್ಯಾಹ್ನ ಊಟಕ್ಕೆ ಬಂದಾಗ ಅವ್ವ ತೊಟ್ಟಿಯ ಮುಂದೆ ಮುಖ ಬಿಗಿದು ಕೂತಿದ್ದಳು.

"ಎಂಥಾ ಹೆಣಮಗಳಿಕಿ. ಅಮಾಸಿ ದಿನ ಮಗ್ಗಕ್ಕ ಕೂತಾಳ."

ಅಕ್ಷತಾಳ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲೇ ನಿಂತಿತು. ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಮದುವೆಯ ಸೀರೆ ನಾಳೆಯೇ ಕೊಡಬೇಕಿದ್ದರೂ ಮುಟ್ಟುವುದಿಲ್ಲ. ಅವತ್ತು ಮಗ್ಗಕ್ಕೆ ಪೂಜೆ, ಮನುಷ್ಯರಿಗೆ ರಜೆ. ಇದು ತನಗೆ ಹೇಗೆ ಮರೆತುಹೋಗಿತ್ತು?

"ಮತ್ತ ಆಕಿ ನೂಲು ಹರದಿದ್ದೂ ಅದ ಹೊತ್ತಿಗೆ," ಅಂದಳು ಅವ್ವ. "ಹ್ವಾದ ವಾರನೂ ಹಿಂಗ ಉಣ್ಣೂಕಿಂತ ಮೊದಲು ಹರದಿತ್ತು. ಗಂಟು ಹಾಕಿ ಎರಡು ಮೆಲ್ಲಕ ಹಾಕಿದ್ಲು. ನಾನ ಕೈ ಇಟ್ಟಿದ್ನೆಲ್ಲ."

ಊಟ ಮಾಡದೆ ಅಕ್ಷತಾ ಕೇಂದ್ರಕ್ಕೆ ಮರಳಿದಳು. ಭರಮು ಊಟಕ್ಕೆ ಹೋಗಿದ್ದ. ಹನ್ನೆರಡರ ಚುಕ್ಕಿಯ ಹಳೆಯ ದಾಖಲೆ ತೆಗೆದು, ಇವತ್ತಿನ ದಿನವನ್ನು ಒಂಬತ್ತು ದಿನದ ಹಿಂದಿನ ದಿನದ ಮೇಲೆ ಇಟ್ಟಳು. ಒಂದರ ಮೇಲೊಂದು ಕೂತವು, ಕೂದಲೆಳೆ ತಪ್ಪದೆ. ಹದಿನೆಂಟು ದಿನದ ಹಿಂದಿನದೂ ಕೂತಿತು. ಆಕೆ ಹಿಂದಕ್ಕೆ ಹೋಗುತ್ತ ಹೋದಳು. ಹದಿನಾಲ್ಕು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆಗೆ ಬಂದು ಅದು ನಿಂತಿತು. ಅದರ ಹಿಂದೆ ಪ್ರತಿ ಅಮಾವಾಸ್ಯೆಯೂ ಚುಕ್ಕಿ ತನ್ನ ಪಾಡಿಗೆ ಹೆಜ್ಜೆಯಿಲ್ಲದೆ ಈಜಿತ್ತು. ಅಲ್ಲಿಂದೀಚೆ ಒಂದು ರಜೆಯೂ ಇಲ್ಲ.

ಹದಿನಾಲ್ಕು ತಿಂಗಳಿಂದ ಇಲ್ಲದ ಮೀನೊಂದನ್ನು ಹಿಂಡು ಹಿಂಬಾಲಿಸಿತ್ತು. ಹದಿನೆಂಟು ದಿನಕ್ಕೆ ಅವನ್ನು ಹಳ್ಳಕ್ಕೆ ಬಿಡಬೇಕು. ಬಿಟ್ಟಾಗ ಎಲ್ಲವೂ ಹನ್ನೆರಡನ್ನು ಹುಡುಕುತ್ತವೆ, ಅದು ಇರುವುದಿಲ್ಲ. ಇದು ಅಕ್ಷತಾಗೆ ಕೂಡಲೇ ಹೊಳೆಯಿತು. ಆದರೆ ಎದೆಗೆ ಮೊದಲು ಹೊಕ್ಕಿದ್ದು ಇದಲ್ಲ. ನಾನು ದಿನಾ ಕೈಯಿಟ್ಟು ಕೇಳುತ್ತಿದ್ದ ಆ ಹೆಂಗಸು ಎಲ್ಲಿ ಹೋದಳು ಅನ್ನುವುದು.

ಮೇಡಂಗೆ ಹೇಳುವ ಮೊದಲು ಆಕೆಯನ್ನು ನೋಡಬೇಕು ಅನ್ನಿಸಿತು. ವಿಳಾಸ ಬೇಕಾಗಲಿಲ್ಲ. ಬೆಟಗೇರಿಯಲ್ಲಿ ಉಳಿದ ಕುಣಿಮಗ್ಗ ಹನ್ನೊಂದೋ ಹನ್ನೆರಡೋ. ನೂಲಿನ ಅಂಗಡಿಯ ಗುರಶಾಂತಪ್ಪ ಎಲ್ಲರನ್ನೂ ಬಲ್ಲ.

"ಎಡಗಾಲು ಮೊದಲು ತುಳಿಯೂ ಹೆಣಮಗಳ?" ಅಂದ ಅವನು, ಕನ್ನಡಕ ಹಣೆಗೇರಿಸಿ. "ನೀ ಏನ್ ತಂಗಿ, ಕಾಲು ನೋಡಿ ಹುಡಕಾಕತ್ತೀ? ಶಿಲ್ಪವ್ವ ಇದ್ಲು, ಬಣ್ಣದವರ ಈರೇಶಪ್ಪನ ಹೇಣ್ತಿ. ಅಂವಾ ನೂಲಿಗೆ ಬಣ್ಣ ಹಾಕಾಂವ, ಆಕಿ ನೇಯಾಕಿ. ಆಕಿ ನೇಯ್ದ ಸೀರಿ ಉಟ್ಟಾವರು ಇನ್ನೊಂದು ಉಡತಿರಲಿಲ್ಲ."

"ಇದ್ಲು ಅಂದ್ರ?"

"ಹೋಗಿ ವರ್ಷದ ಮ್ಯಾಲಾತು. ಎದಿನೋವು. ನಾಕ ದಿನ ದವಾಖಾನ್ಯಾಗಿದ್ಲು."

ಅಕ್ಷತಾ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಗುರಶಾಂತಪ್ಪ ನೀರು ಕೊಟ್ಟ, ಮನೆ ಯಾವ ಓಣಿಯಲ್ಲಿದೆ ಅಂತಲೂ ಹೇಳಿದ.

ಬಾಗಿಲು ತೆರೆದವನ ಕೈಗಳು ಮುಂಗೈತನಕ ನೀಲಿ. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಅಕ್ಷತಾಳ ಕೊರಳಿನಲ್ಲಿದ್ದ ಕೇಂದ್ರದ ಗುರುತಿನ ಬಿಲ್ಲೆ ನೋಡಿ ಬಾಗಿಲಿಗೆ ಅಡ್ಡ ಕೈಯಿಟ್ಟ.

"ಒಳಗ ಬರಬ್ಯಾಡ್ರಿ. ಮೀನಿನ ಮನಿ ಇದು. ಬೂಸು ಹತ್ತತೈತಿ."

"ನಿಮ್ಮ ಮನ್ಯಾಗ ಮೀನಿಲ್ಲರೀ," ಅಂದಳು ಅಕ್ಷತಾ.

ಅವನು ಕೈ ತೆಗೆದ. ಓಣಿಯ ಕಡೆ ನೋಡಿ, "ಬರ್ರಿ, ಚಾ ಕುಡೀರಿ," ಅಂದ.

ನಡುಮನೆಯಲ್ಲಿ ಮಗ್ಗ. ಅದರ ಮೇಲೆ ಅರ್ಧ ನೇಯ್ದ ಸೀರೆ, ಧೂಳು ಕೂರದಂತೆ ಹಳೆಯ ಧೋತರ ಹೊದಿಸಿತ್ತು. ಪಕ್ಕದಲ್ಲಿ ತೊಟ್ಟಿ, ತುಂಬ ತಿಳಿನೀರು, ಪರದೆಯಲ್ಲಿ ಹತ್ತೊಂಬತ್ತು ಮೀನು. ತೊಟ್ಟಿಯ ಮುಂದೆ ಒಂದು ಮಣೆ. ಗಾಜಿನ ಮೇಲೆ ಒಂದು ಅಂಗೈಯ ಗುರುತು, ದಿನಾ ಅಲ್ಲೇ ಇಟ್ಟೂ ಇಟ್ಟೂ ಒರೆಸಿದರೂ ಹೋಗದಷ್ಟು ನೀಲಿ ಕೂತದ್ದು. ಅಕ್ಷತಾ ಅದನ್ನು ನೋಡಿದಳು. ತಾನು ಮಾತ್ರ ಅಂತ ತಿಳಿದಿದ್ದಳಲ್ಲ.

"ಅವತ್ತ ಹನ್ನೊಂದು ದಿನಕ್ಕ ನಳಾ ಬಂದಿತ್ತು," ಅಂದ ಈರೇಶಪ್ಪ, ಬಸಿಯಲ್ಲಿ ಚಹಾ ಸುರಿಯುತ್ತ. "ಹೊಸಾ ನೀರು. ಮೊದಲನೇ ಕೊಡ ದೇವರಿಗೆ, ಎರಡನೇದು ಮೀನಕ್ಕ ಅಂದ್ಲು. ನೀರು ಎರಡು ದಿನ ಇಟ್ಟು ಹಾಕಬೇಕಂತ ನೀವು ಚೀಟಿ ಅಂಟಿಸಿದ್ರಿ, ಬ್ಲೀಚಿಂಗ್ ಪೌಡರಿಗೆ ಮೀನು ತಡ್ಯಾಂಗಿಲ್ಲಂತ. ಆಕಿಗೂ ಗೊತ್ತಿತ್ತು. ಆದ್ರ ಹಳೇ ನೀರು ಕೊಡಾಕ ಮನಸ ಬರಲಿಲ್ಲ. ಮನೀಗೆ ಬಂದವರಿಗೆ ಯಾರರ ಹಳೇ ನೀರು ಕೊಡತಾರೇನು, ಒಂದ ಸರತಿ ಹೊಸಾದು ಕುಡೀಲಿ ಅಂದ್ಲು. ಅವತ್ತ ಸಂಜೀಕ ಆಕಿಗೆ ಎದಿನೋವು. ನಾ ದವಾಖಾನಿಂದ ಮುಂಜಾನೆ ಮನೀಗೆ ಬಂದು ನೋಡ್ತೀನಿ, ಮೀನು ಮ್ಯಾಲ ತೇಲಾಕತ್ತಿತ್ತು."

"ಅದಕ ವೈರ್ ಕಿತ್ರಿ."

"ಆಕಿ ಬರೂತನಕ ತೊಟ್ಟಿ ಇರಲಿ ಅಂತ ಕಿತ್ತೆ. ನಿಮಗ ಗೊತ್ತಾದ್ರ ತೊಟ್ಟಿ ಒಯ್ತಿದ್ರಿ. ಬರೀ ತೊಟ್ಟಿ ಇದ್ರ ಒಂದು ಹೊಸ ಮೀನರ ಬೇಡೂಣಂತ. ದಿನಾ ಕೇಳ್ತಿದ್ಲು, ಮೀನು ಹೆಂಗೈತಿ? ಆರಾಮ ಐತಿ ಅಂತಿದ್ನಿ. ನಾಕನೇ ದಿನನೂ ಕೇಳಿದ್ಲು." ಅವನು ಬಸಿಯನ್ನು ತುಟಿಗೆ ಒಯ್ದು ಹಾಗೇ ಕೆಳಗಿಟ್ಟ. "ಆಮ್ಯಾಲ ಒಂದಿನ ಗಾಜಿಗೆ ಕೈ ಇಟ್ನಿ. ಒಳಗ ಆಕಿ ನೇಯಾಕತ್ತಿದ್ಲು. ಹೆಂಗ ಹೇಳ್ಲಿ ನಿಮಗ."

"ಹೇಳಬ್ಯಾಡ್ರಿ. ಗೊತ್ತೈತಿ ನನಗ."

ಅವಳು ತನ್ನ ಮನೆಯ ವಿಷಯ ಹೇಳಿದಳು: ಫರಸಿ ಹಾಸಿದ ಕುಣಿ, ಅವ್ವನ ಅಂಗೈ, ಚಹಾ ಕುದಿಯುವ ತನಕದ ಆ ಹೊತ್ತು. ಅವನು ಬಾಯಿ ಬಿಟ್ಟು ಕೇಳಿದ. ತನ್ನ ಹೆಂಡತಿಯ ಕೈ ಇಪ್ಪತ್ತು ಮನೆಗಳಿಗೆ ಹೋಗಿತ್ತು ಅಂತ ಅವನಿಗೆ ಗೊತ್ತೇ ಇರಲಿಲ್ಲ.

"ನಿಮ್ಮವ್ವ ಏನಂದ್ರು ಆಕಿ ಕೈಗೆ?"

"ಛಲೋ ಕೈ ಅಂದ್ಲು."

ಅವನು ತಲೆಯಾಡಿಸಿದ, ಆ ಮಾತನ್ನು ಎಲ್ಲೋ ಒಳಗೆ ಇಟ್ಟುಕೊಂಡವನ ಹಾಗೆ. ಆಮೇಲೆ ಅಕ್ಷತಾ ಹಳ್ಳದ ವಿಷಯ ಹೇಳಿದಳು. ಹದಿನೆಂಟು ದಿನ. ಹತ್ತೊಂಬತ್ತು ಮೀನು, ಮುಂದಾಳಿಲ್ಲ. ಒಂದು ದಾರಿ ಇದೆ: ತನ್ನ ಏಳನೆಯ ಮೀನನ್ನು ಈ ತೊಟ್ಟಿಗೆ ತಂದು ಬಿಡುವುದು, ಪಕ್ಕದಲ್ಲಿ ಮಗ್ಗ ನಡೆಸುವುದು. ಏಳನೆಯದು ಆ ಹೆಜ್ಜೆ ಹಾಕಿದರೆ ಉಳಿದವು ಅದನ್ನೇ ಹನ್ನೆರಡನೆಯದು ಅಂತ ತಿಳಿದು ಹಿಂದೆ ಬರುತ್ತವೆ. ಹಳ್ಳದಲ್ಲೂ ಬರುತ್ತವೆ.

"ಆದ್ರ ಮೀನು ಬಿಟ್ಟು ವೈರ್ ಹಚ್ಚಬೇಕಾಗತೈತಿ," ಅಂದಳು.

"ಹಚ್ಚಿದ್ರ?"

"ಒಳಗಿನ ಒಂಬತ್ತು ದಿನ ಅಳಿಸಿ ಹೋಗತಾವು."

"ಬ್ಯಾರೆ ಕಡೆ ಇಡಾಕ ಬರಾಂಗಿಲ್ಲೇನು?"

"ಚುಕ್ಕಿ ಇಡಾಕ ಬರತೈತಿ. ಕೈಗೆ ಹತ್ತೂದು ಬರಾಂಗಿಲ್ಲ."

ಈರೇಶಪ್ಪ ಎದ್ದು ಹೋಗಿ ಮಗ್ಗದ ಮೇಲಿನ ಧೋತರದ ಮಡಿಕೆ ಸರಿಮಾಡಿದ. ಸರಿಯಾಗೇ ಇತ್ತು. ಅಕ್ಷತಾ ಅವನನ್ನು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವನು ಆಗದು ಅನ್ನಲಿ ಅಂತ ಅವಳ ಒಳಗೊಂದು ಮೂಲೆ ಕಾಯುತ್ತಿತ್ತು. ಅವನ ಹತ್ತಿರ ಉಳಿದರೆ ತನ್ನ ಹತ್ತಿರವೂ ಉಳಿಯುತ್ತಿತ್ತು.

"ನಮ್ಮ ಮೀನು ಸತ್ತದ್ದು ಉಳದ ಹತ್ತೊಂಬತ್ತಕ್ಕ ಯಾಕ ಗೊತ್ತಾಗಬೇಕು ಅಂತ ನನಗ ನಾನ ಹೇಳಕೊಂಡಿದ್ದೆ ರೀ," ಅಂದ ಅವನು ಬೆನ್ನು ತಿರುಗಿಸಿಕೊಂಡೇ. "ಈಗ ಅವು ಹಳ್ಳದಾಗ ಹೋಗಿ ಹುಡಕಿದ್ರ ಗೊತ್ತಾಗೂದ ಆತು." ಮತ್ತೆ ಧೋತರ ಸವರಿ, "ನೇಯಾವರು ಯಾರು? ನನಗ ಬರೂದಿಲ್ಲ. ನಾ ಬರೇ ಬಣ್ಣದಾಂವ."

"ನಾನು. ಇಪ್ಪತ್ತೇಳು ವರ್ಷ ಆತು ಬಿಟ್ಟು."

ಅವನು ಈಗ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇಪ್ಪತ್ತೇಳು ವರ್ಷ. ಮೀನ ಬಾಳ ಗಟ್ಟಿ ಇರಬೇಕು."

ಅಲ್ಲಿಂದಲೇ ಅಕ್ಷತಾ ನಝೀರಾ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದಳು, ತಾನು ಮಗ್ಗದ ಗುಟ್ಟು ಮುಚ್ಚಿಟ್ಟಿದ್ದನ್ನೂ ಸೇರಿಸಿ. ಮೇಡಂ ಬೈದರು. ನಡುವೆ ಉಸಿರು ತೆಗೆದುಕೊಂಡು ಮತ್ತೆ ಬೈದರು. ಆಮೇಲೆ ಅಂದರು: "ನಿಮ್ಮವ್ವಗ ಕೈಯಾಗ ತಿಳದದ್ದು ನನಗ ಇಷ್ಟು ಮಷೀನ್ ಇಟಗೊಂಡು ತಿಳೀಲಿಲ್ಲಲ್ಲ. ಆಕಿನ್ನೂ ಕರಕೊಂಡು ಹೋಗು."

ನೀರನ್ನು ಎರಡು ದಿನ ಹಳೆಯದು ಮಾಡಿ, ಮೂರನೆಯ ದಿನ ಬೆಳಿಗ್ಗೆ ಅಕ್ಷತಾ ಏಳನೆಯ ಮೀನನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಆಟೋದಲ್ಲಿ ತಂದಳು. ಜೊತೆಗೆ ಅವ್ವ, ಬಾತ ಮೊಣಕಾಲು, ಏರುದನಿ. ಹೊಸ್ತಿಲು ದಾಟುತ್ತಲೇ ಅವ್ವ ಮಗ್ಗ ನೋಡಿ ಕೈಮುಗಿದಳು, ನೆಟ್ಟಗೆ ಹೋಗಿ ತೊಟ್ಟಿಯ ಗಾಜಿಗೆ ಅಂಗೈಯಿಟ್ಟಳು, ನೀಲಿ ಗುರುತಿನ ಪಕ್ಕದಲ್ಲಿ.

"ನೋಡಪಾ, ನಿನ್ನ ಹೇಣ್ತಿ ಭಾಗ್ಯವಂತಳು," ಅಂದಳು ಇಡೀ ಓಣಿಗೆ ಕೇಳುವ ಹಾಗೆ. "ಒಂದ ಕೈ, ಒಂದ ಹದ. ಸೆರಗಿಗೆ ಬಂದಾಗ್ಲೂ ಅವಸರಿಲ್ಲ."

ಈರೇಶಪ್ಪ ಮಣೆಯ ಮೇಲೆ ಕೂತು ತಾನೂ ಕೈಯಿಟ್ಟ. ಯಾರೂ ಅವನಿಗೆ ಹೊತ್ತಾಯಿತು ಅನ್ನಲಿಲ್ಲ. ಕೇಂದ್ರದಲ್ಲಿ ಮೇಡಂ ಪರದೆಯ ಮುಂದೆ ಕೂತು ಫೋನಿನಲ್ಲಿ ಕಾಯುತ್ತಿದ್ದರು, ಅವರೂ ಅನ್ನಲಿಲ್ಲ. ಗಾಜಿನೊಳಗೆ ನೂಲು ಹರಿಯಿತು. ನಿಂತಿತು. ಗಂಟು ಬಿತ್ತು. ಎರಡು ಒತ್ತು ಮೆಲ್ಲಗೆ. ಮತ್ತೆ ಹದಕ್ಕೆ ಬಂತು.

ಅವನು ತಾನೇ ಮೀನನ್ನು ತೊಟ್ಟಿಗೆ ಬಿಟ್ಟ. ತಾನೇ ತಂತಿ ಸಿಕ್ಕಿಸಿದ. ಗಾಜು ಒಮ್ಮೆ ಕಪ್ಪಾಗಿ ಬೆಳಗಿತು.

ಅಕ್ಷತಾ ಕುಣಿಗೆ ಕಾಲಿಳಿಸಿದ್ದಳು. ಕುಣಿಯ ತಂಪು ಅವಳು ನೆನೆದದ್ದಕ್ಕಿಂತ ಹೆಚ್ಚಿತ್ತು. ತುಳಿದಳು, ಹಗ್ಗ ಎಳೆದಳು, ಲಾಳಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಮತ್ತೆ ಎಳೆದಳು. ಫಣಿ ಬಡಿದದ್ದು ಜೋರಾಯಿತು.

"ಹಿಂಡು ಚದರಾಕತ್ತೈತಿ," ಅಂದರು ಫೋನಿನಲ್ಲಿ ಮೇಡಂ. "ಒಂಬತ್ತು, ಹದಿನಾಲ್ಕು ಗೋಡಿಗೆ ಬಡಿಯಾಕತ್ತಾವು. ಅಕ್ಷತಾ, ಲಗೂ."

ಅಕ್ಷತಾ ಬೇಗ ಬೇಗ ತುಳಿದಳು. ಇನ್ನೂ ಕೆಟ್ಟಿತು.

"ಬಲಗಾಲು ಹಾಕಾಕತ್ತೀ," ಅಂತ ಅವ್ವ ಕೂಗಿದಳು, ಕೈ ಗಾಜಿನ ಮೇಲೆ. "ಅದು ನಿಮ್ಮಪ್ಪನ ಕಾಲು. ಎಡಗಾಲು ಹಾಕ."

ಈರೇಶಪ್ಪ ಮಗ್ಗದ ಹತ್ತಿರ ಬಂದು ಕೂತ. "ಸಾವಕಾಶ ರೀ," ಅಂದ ತಗ್ಗಿದ ದನಿಯಲ್ಲಿ. "ಲಾಳಿ ಹೋಗಿ ಮುಟ್ಟಿದ ಮ್ಯಾಲ ಒಂದು ಉಸರು ಬಿಡತಿದ್ಲು. ಆಮ್ಯಾಲ ಫಣಿ ಎಳೀತಿದ್ಲು. ಮೂವತ್ತೈದು ವರ್ಷ ಪಕ್ಕದಾಗ ಕುಂತು ಕೇಳೀನಿ. ಹಾ... ಈಗ ಉಸರು ಬಿಡ್ರಿ. ಈಗ ಎಳೀರಿ."

ಎಡಗಾಲು. ಲಾಳಿ. ಉಸಿರು. ಒತ್ತು.

ಎಷ್ಟು ಹೊತ್ತು ಹಾಗೆ ನಡೆಯಿತೋ. ಅಕ್ಷತಾ ತಲೆ ಎತ್ತಲಿಲ್ಲ. ಒಂದು ಸಲ ಮಾತ್ರ, ಫೋನಿನಲ್ಲಿ ಮೇಡಂ ಏನೂ ಹೇಳದೆ ಬಹಳ ಹೊತ್ತಾಗಿದೆ ಅಂತ ಗೊತ್ತಾಯಿತು. ಹೆದರಿ ಓರೆಗಣ್ಣಲ್ಲಿ ನೋಡಿದಳು. ಏಳನೆಯ ಮೀನು ಅರ್ಧ ಅಂಗುಲ ಹಿಂದೆ ಸರಿದು ಮುಂದೆ ಜಿಗಿಯಿತು. ಅದರ ಹಿಂದೆ ಹದಿನೆಂಟು.

ಅವ್ವ ಗಾಜಿನಿಂದ ಕೈ ತೆಗೆಯಲಿಲ್ಲ. "ಆಕೀದಲ್ಲ," ಅಂದಳು. "ಆದ್ರ ನಡೀತೈತಿ."

ಹದಿನಾರು ದಿನ ಅಕ್ಷತಾ ಬೆಳಿಗ್ಗೆ ಅಲ್ಲಿ ನೇಯ್ದು, ಮಧ್ಯಾಹ್ನ ಕೇಂದ್ರಕ್ಕೆ ಹೋದಳು. ಈರೇಶಪ್ಪ ಎರಡನೆಯ ದಿನದಿಂದ ಗಾಜಿಗೆ ಕೈಯಿಡುವುದನ್ನು ಬಿಟ್ಟ. ಅವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ, ಅವನ ಬಣ್ಣದಲ್ಲಿ ತಪ್ಪು ಹುಡುಕುತ್ತ, ಅವನ ಅಡುಗೆಯಲ್ಲೂ ತಪ್ಪು ಹುಡುಕುತ್ತ ಕಾಲ ಕಳೆದಳು.

ಮೀನು ಬಿಡುವ ದಿನ ಎಲ್ಲರೂ ಹಳ್ಳದ ದಂಡೆ ಮುಟ್ಟಿದಾಗ ಹೊತ್ತೇರಿತ್ತು. ಹತ್ತೊಂಬತ್ತು ಮೀನುಗಳನ್ನು ಒಂದೇ ಬಲೆಗೂಡಿನಲ್ಲಿ ಮೊದಲ ಸಲ ಕೂಡಿಸಿದ್ದರು. ಬಾಯಿ ಬಿಚ್ಚಿದ ಕೂಡಲೇ ನಾಲ್ಕಾರು ಅತ್ತಿತ್ತ ಚಿಮ್ಮಿದವು. ನಝೀರಾ ಮೇಡಂ ಮೊಣಕಾಲುದ್ದ ನೀರಿನಲ್ಲಿ ನಿಂತು ಉಸಿರು ಹಿಡಿದಿದ್ದರು. ಆಗ ಏಳನೆಯದು ಕಲ್ಲಿನ ನೆರಳಿನಿಂದ ಹೊರಬಂದು ಒಂದು ಹೆಜ್ಜೆ ಹಿಂದೆ ಸರಿಯಿತು, ಮುಂದೆ ಜಿಗಿಯಿತು. ಅಲ್ಲಿ ಮಗ್ಗವಿರಲಿಲ್ಲ, ಕುಣಿಯಿರಲಿಲ್ಲ. ಚಿಮ್ಮಿದವು ತಿರುಗಿ ಬಂದವು. ಹತ್ತೊಂಬತ್ತೂ ಒಂದಾಗಿ, ಹೆಜ್ಜೆ ಹಾಕುತ್ತ ಮಡುವಿನ ಆಚೆ ಬದಿಗೆ ಹೋದವು.

ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು. ಭರಮು ಫೋಟೊ ತೆಗೆಯುವುದನ್ನು ಮರೆತು ನಿಂತಿದ್ದ.

ಈರೇಶಪ್ಪ ದಂಡೆಯ ಬಂಡೆಯ ಮೇಲೆ ಕೂತಿದ್ದ. ಅವನ ಕಣ್ಣಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. "ಇನ್ನೂ ಹಾಕಾಕತ್ತಾವೇನ್ರೀ ಹೆಜ್ಜಿ?"

ಅಕ್ಷತಾ ನೋಡಿದಳು. ಹಿಂಡು ತಿಳಿನೀರಿನಲ್ಲಿ ಒಂದೇ ಮೈಯಾಗಿ ತಿರುಗುತ್ತಿತ್ತು. ನೀರು ಹೇಗೆ ಹರಿಯುತ್ತಿತ್ತೋ ಹಾಗೆ, ತಡೆಯಿಲ್ಲದೆ. ಹೂಂ ಅನ್ನಬಹುದಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ.

"ಇಲ್ಲರೀ. ಬಿಟ್ಟುವು."

"ಎಷ್ಟೊತ್ತು ಹಾಕಿದ್ವು?"

"ಒಂದ ನಾಕ ನಿಮಿಷ."

"ನಾಕ ನಿಮಿಷ," ಅಂದ ಅವನು. ಬೆರಳ ಸಂದಿಯ ನೀಲಿಯನ್ನು ಹೆಬ್ಬೆರಳಿನಿಂದ ಉಜ್ಜಿದ. "ನಾ ಹದಿನಾಲ್ಕು ತಿಂಗಳು ಬಿಟ್ಟಿರಲಿಲ್ಲ. ಜಾಣ ಅದಾವು."

"ಏನಂತ?" ಅಂತ ಅವ್ವ ಹಿಂದಿನಿಂದ ಕೂಗಿದಳು.

"ಮೀನು ಹೋದ್ವಂತ ಬೇ," ಅಂತ ಅಕ್ಷತಾ ಅವಳ ಕಡೆ ತಿರುಗಿ ತುಟಿಯಾಡಿಸಿ ಹೇಳಿದಳು. ಅವಳ ದನಿ ಒಡೆದಿತ್ತು. ಕಿವಿ ಕೇಳದ ಅವ್ವನಿಗೆ ಅದು ತಿಳಿಯಲಿಲ್ಲ.

"ಮತ್ತ ಹೋಗಲೇಳು," ಅಂದಳು ಅವ್ವ, ಬುತ್ತಿಯ ಗಂಟು ಬಿಚ್ಚುತ್ತ. "ಹೋಗಾಕಂತನ ತಂದಿದ್ವಲ್ಲ."